ರೂಮಿಗೆ ಸೇರಿಸೋದಲ್ಲ, ರೂಮಿಂದ ತೆಗೆಯೋದೇ ಕೆಲಸ

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಪರಿಚಯಸ್ಥರಿಗಾಗಿ ಚಾಟ್ ಆ್ಯಪ್ ಕಟ್ಟುತ್ತಿದ್ದೇನೆ. ಅದರ ಎರಡು ತಳಿಗಳಲ್ಲಿ ಕಡ್ಡಿಗೆ ಒಂದು ರೂಮ್, ಡಬ್ಬಿಗೆ ಇನ್ನೊಂದು. ಅದನ್ನೇ ಮೂರು ಬಗೆಯಲ್ಲಿ ಬರೆದು, ತಮ್ಮನ ಜೊತೆ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನಲ್ಲಿ ಫೋನ್ ಹಿಡಿದು ಪರೀಕ್ಷಿಸಿದೆ.

ಮೊದಲು ನೋಡ್‌ನ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ನಡೆಸುವ ವ್ಯವಸ್ಥೆ) ಡಬ್ಲ್ಯೂಎಸ್ ಲೈಬ್ರರಿ. ಅದು ಕೊಡುವ ವೆಬ್‌ಸಾಕೆಟ್‌ಗೆ, ಅಂದರೆ ಫೋನ್ ಮತ್ತು ಸರ್ವರ್ ನಡುವೆ ಸದಾ ತೆರೆದಿರುವ ಸಂಪರ್ಕಕ್ಕೆ, ರೂಮ್ ಅಂದರೇನೆಂದೇ ಗೊತ್ತಿಲ್ಲ. ರೂಮಿನ ಹೆಸರಿಗೊಂದು ಸೆಟ್ (ಒಳಗಿರುವವರ ಪಟ್ಟಿ) ಇಟ್ಟು ನಾವೇ ಲೆಕ್ಕ ಇಡಬೇಕು. ಮನೆಯಲ್ಲಿ ಚೆನ್ನಾಗಿಯೇ ನಡೆಯಿತು. ಉಣಕಲ್ ದಾಟಿದ ಮೇಲೆ ತಮ್ಮ ಅಂದ: "ರೂಮ್‌ನ್ಯಾಗ ಇದ್ದೀನಿ ಅಂತ ತೋರಸಾಕತ್ತೈತಿ ಅಣ್ಣಾ, ಆದ್ರ ರೇಟ್ ಒಂದೂ ಬರವಲ್ದು." ನೆಟ್‌ವರ್ಕ್ ಸದ್ದಿಲ್ಲದೆ ಕಡಿದರೆ ಕ್ಲೋಸ್ ಸಂದೇಶ ಸರ್ವರ್ ಮುಟ್ಟುವುದೇ ಇಲ್ಲ, ಸತ್ತ ಸಾಕೆಟ್ ಸೆಟ್‌ನಲ್ಲೇ ಉಳಿಯುತ್ತದೆ. ಅಡತಿಯವರು ಆಚೆ ಕಡೆ ಕೇಳುವವರಿದ್ದಾರೆ ಅಂದುಕೊಂಡೇ ದರ ಹಾಕುತ್ತಿರುತ್ತಾರೆ. ಪಿಂಗ್ (ಇದ್ದೀರಾ ಎಂದು ಕೇಳುವ ಪುಟ್ಟ ಸಂದೇಶ) ಕಳಿಸುವುದು, ಉತ್ತರ ಬಾರದವರನ್ನು ಕಿತ್ತುಹಾಕುವುದು, ಖಾಲಿ ರೂಮ್ ಅಳಿಸುವುದು ಎಲ್ಲ ನಮ್ಮದೇ ಹೊಣೆ.

ಎರಡನೆಯದು ಸಾಕೆಟ್.ಐಒ, ನೋಡ್‌ನದೇ ಇನ್ನೊಂದು ಲೈಬ್ರರಿ. ಅದು ಈ ಭಾರ ಹೊರುತ್ತದೆ. 25 ಸೆಕೆಂಡಿಗೊಮ್ಮೆ ಪಿಂಗ್, ಉತ್ತರಕ್ಕೆ 20 ಸೆಕೆಂಡ್ ಕಾಯುವಿಕೆ. ಸಂಪರ್ಕ ಹೋದವರು ಎಲ್ಲ ರೂಮುಗಳಿಂದ ತಾವಾಗಿಯೇ ಹೊರಬೀಳುತ್ತಾರೆ. ಆದರೂ ನಾನು ಎರಡು ಕಡೆ ಎಡವಿದೆ. ಡಿಸ್‌ಕನೆಕ್ಟ್ ಈವೆಂಟ್ ಬರುವ ಹೊತ್ತಿಗೆ ರೂಮುಗಳ ಪಟ್ಟಿ ಖಾಲಿಯಾಗಿರುತ್ತದೆ. "ಇಂಥವರು ಹೋದರು" ಅಂತ ಉಳಿದವರಿಗೆ ತಿಳಿಸಲು ಡಿಸ್‌ಕನೆಕ್ಟಿಂಗ್ ಈವೆಂಟನ್ನೇ ಹಿಡಿಯಬೇಕು. ಮರಳಿ ಬಂದವರಿಗೆ ಹೊಸ ಐಡಿ ಸಿಗುತ್ತದೆ, ಹಳೆಯ ರೂಮ್ ಇರುವುದಿಲ್ಲ. ಅದಕ್ಕೇ ಯಾರು ಯಾವ ರೂಮಿನವರು ಎಂಬುದನ್ನು ಡೇಟಾಬೇಸ್‌ನಲ್ಲಿಟ್ಟು, ಸಂಪರ್ಕವಾದ ಕೂಡಲೇ ಸರ್ವರ್‌ನಿಂದಲೇ ಸೇರಿಸುತ್ತೇನೆ. 4.6 ಆವೃತ್ತಿಯಿಂದ ರೂಮ್ ಮತ್ತು ತಪ್ಪಿದ ಸಂದೇಶ ಎರಡನ್ನೂ ಮರಳಿ ಕೊಡುವ ಸೌಲಭ್ಯವಿದೆ, ಆದರೆ ನಾವೇ ಆನ್ ಮಾಡಬೇಕು. ಹಲವು ಸರ್ವರ್‌ಗಳ ನಡುವೆ ಸಂದೇಶ ಹಂಚುವ ಜೋಡಣೆಗೆ ಅಡಾಪ್ಟರ್ ಅನ್ನುತ್ತಾರೆ. ರೆಡಿಸ್ ಎಂಬ ಡೇಟಾಬೇಸ್‌ನ ಪಬ್‌ಸಬ್ ಅಡಾಪ್ಟರ್ (ಸಂದೇಶ ಹಂಚಿ ಮರೆತುಬಿಡುವಂಥದ್ದು) ಜೊತೆ ಈ ಸೌಲಭ್ಯ ನಡೆಯದು, ಸ್ಟ್ರೀಮ್ಸ್ ಅಡಾಪ್ಟರ್ (ಸಂದೇಶ ಉಳಿಸಿಡುವಂಥದ್ದು) ಬೇಕು.

ಮೂರನೆಯದು ಜಾಂಗೋ ಚಾನೆಲ್ಸ್, ಪೈಥಾನ್‌ನ ಜಾಂಗೋ ವೆಬ್ ಫ್ರೇಮ್‌ವರ್ಕ್‌ಗೆ ವೆಬ್‌ಸಾಕೆಟ್ ಸೇರಿಸುವ ಲೈಬ್ರರಿ. ಇಲ್ಲಿ ರೂಮಿಗೆ ಗ್ರೂಪ್ ಅನ್ನುತ್ತಾರೆ. ಲಾಗಿನ್, ಅನುಮತಿಗಳೆಲ್ಲ ಜಾಂಗೋದವೇ ಸಿಗುತ್ತವೆ, ಅದು ನಿಜಕ್ಕೂ ನೆಮ್ಮದಿ. ಆದರೆ ಗ್ರೂಪಿನಲ್ಲಿ ಯಾರಿದ್ದಾರೆ ಎಂದು ಕೇಳಲು ದಾರಿಯಿಲ್ಲ. ಸರ್ವರ್ ಅರ್ಧಕ್ಕೇ ಸತ್ತರೆ ಹಳೆಯ ಸದಸ್ಯತ್ವ ರೆಡಿಸ್‌ನಲ್ಲಿ 86400 ಸೆಕೆಂಡ್, ಅಂದರೆ ಇಡೀ ದಿನ ಉಳಿಯಬಹುದು.

ನನಗೆ "ಈಗ ಯಾರಿದ್ದಾರೆ" ಅನ್ನುವುದೇ ಮುಖ್ಯ. ಹಾಗಾಗಿ ಸಾಕೆಟ್.ಐಒ ಉಳಿಸಿಕೊಂಡೆ, ಪಿಂಗ್ ಅಂತರವನ್ನು 10 ಸೆಕೆಂಡಿಗೆ ಇಳಿಸಿದ್ದೇನೆ. ಬ್ಯಾಟರಿಗೆ ಇದು ಎಷ್ಟು ಭಾರವಾಗುತ್ತದೆ ಎಂದು ತಮ್ಮನ ಹಳೆಯ ಫೋನಿನಲ್ಲಿ ನೋಡುತ್ತಿದ್ದೇವೆ.