ಹೆಸರಾಂತ ವೈಣಿಕರ ಬಳಿ ಖಾಸಗಿ ಪಾಠ: ನಾಲ್ಕು ವರ್ಷಗಳ ಬಳಿಕ ಒಬ್ಬ ವಿದ್ಯಾರ್ಥಿನಿಯ ವಿಮರ್ಶೆ

ಬೆಂಗಳೂರಿನ ಸಂಗೀತ ಕಚೇರಿ ವೇದಿಕೆಗಳಲ್ಲಿ ದೊಡ್ಡ ಹೆಸರಿರುವ ವೈಣಿಕರೊಬ್ಬರ (ವೀಣೆ ವಿದ್ವಾಂಸರೊಬ್ಬರ) ಬಳಿ ನಾನು ಸುಮಾರು ನಾಲ್ಕು ವರ್ಷಗಳಿಂದ ಪ್ರತ್ಯೇಕವಾಗಿ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಒಂದು ಗಂಟೆಯ ಪಾಠಕ್ಕೆ 2,000 ರೂಪಾಯಿ. ಅದಕ್ಕೂ ಮೊದಲಿನಿಂದ ವಿಜಯನಗರದ ನಮ್ಮ ಬಡಾವಣೆಯಲ್ಲೇ ಇರುವ ಶಿಕ್ಷಕಿಯೊಬ್ಬರ ಬಳಿ ಕಲಿಯುತ್ತಿದ್ದೆ, ಈಗಲೂ ಕಲಿಯುತ್ತಿದ್ದೇನೆ. ಅವರು ವಾರಕ್ಕೆ ಎರಡು ಪಾಠ ಹೇಳಿಕೊಟ್ಟು ತಿಂಗಳಿಗೆ ತೆಗೆದುಕೊಳ್ಳುವುದು ಅದೇ 2,000 ರೂಪಾಯಿ. ಅಲ್ಲಿ ಒಂದು ತಿಂಗಳಿಗೆ ಕೊಡುವ ಹಣವನ್ನು ಇಲ್ಲಿ ಒಂದು ಗಂಟೆಗೆ ಕೊಡುವುದು ಸರಿಯೇ ಎಂದು ನನ್ನನ್ನು ಕೇಳದ ನೆಂಟರಿಲ್ಲ. ವರ್ಣಗಳ (ಅಭ್ಯಾಸಕ್ಕಿರುವ ದೊಡ್ಡ ರಚನೆಗಳ) ಹಂತ ದಾಟಿ, ದಿನವೂ ಸಾಧನೆಗೆ ಕೂರುವ ಅಭ್ಯಾಸವಿರುವವರಿಗೆ ಈ ಹಣ ಖಂಡಿತ ಸಾರ್ಥಕ, ಆದರೆ ಅಂಥವರಿಗೂ ಪ್ರತಿ ವಾರ ಬೇಕಾಗಿಲ್ಲ. ಸರಳೆ, ಜಂಟಿ ಎಂಬ ಮೊದಲ ಪಾಠಗಳನ್ನು ಕಲಿಯುತ್ತಿರುವವರಿಗೆ ಇದು ಅನಗತ್ಯ ಖರ್ಚು. ಗುರುಗಳ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಬೇಕಾಗಿರುವುದು ಒಬ್ಬರ ಬಗ್ಗೆ ಅಲ್ಲ, ಇಂಥ ಪಾಠದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದರ ಬಗ್ಗೆ.

ಮೊದಲು ಸಿಗದಿರುವುದನ್ನು ಹೇಳಿಬಿಡುತ್ತೇನೆ. ಕರ್ನಾಟಕ ಸಂಗೀತದ ಪ್ರಾಥಮಿಕ ಪಾಠಗಳ ಕ್ರಮ ಪುರಂದರದಾಸರ ಕಾಲದಿಂದ ಬಂದದ್ದೆಂದು ಪರಂಪರೆ ಹೇಳುತ್ತದೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆವರಸೆ, ಜಂಟಿವರಸೆ, ಏಳು ತಾಳಗಳ ಅಲಂಕಾರ, ಆಮೇಲೆ ಗೀತೆ, ಸ್ವರಜತಿ, ವರ್ಣ ಎಂಬ ಈ ಮೆಟ್ಟಿಲುಗಳನ್ನು ಯಾರ ಮನೆಯಲ್ಲಿ ಹತ್ತಿದರೂ ಹತ್ತಬೇಕಾದವರು ನಾವೇ. ಮೂರು ಕಾಲಗಳಲ್ಲಿ (ವೇಗಗಳಲ್ಲಿ) ಅಲಂಕಾರ ನುಡಿಸುವಾಗ ಬಲಗೈಯ ಮೀಟು ಒಂದೇ ಸಮನಾಗಿ ಬೀಳುವುದು, ಎಡಗೈ ಬೆರಳುಗಳ ತುದಿ ಗಟ್ಟಿಯಾಗುವುದು, ಕಿವಿ ಶ್ರುತಿಗೆ ಒಗ್ಗುವುದು, ಇವೆಲ್ಲ ದಿನದಿನದ ಕೆಲಸ. ಇಂಥ ಹಂತದಲ್ಲಿ ಬೇಕಾಗುವುದು ವಾರದಲ್ಲಿ ಎರಡು ಸಲ ಎದುರು ಕೂತು, ತಾಳ ಹಾಕಿ, ಬೇಸರವಿಲ್ಲದೆ ಮತ್ತೆ ಮತ್ತೆ ನುಡಿಸಿಸುವ ಶಿಕ್ಷಕರು. ನಮ್ಮ ಬಡಾವಣೆಯ ಶಿಕ್ಷಕಿ ಅಂಥವರು. ಸಂಗೀತದ ಸೀನಿಯರ್ ಪರೀಕ್ಷೆಯವರೆಗೆ ನನ್ನನ್ನು ದಡ ಮುಟ್ಟಿಸಿದವರು ಅವರೇ, ಮತ್ತು ಅವರು ಹಾಕಿಕೊಟ್ಟ ತಳಪಾಯ ಇಲ್ಲದೆ ಹೋಗಿದ್ದರೆ ದೊಡ್ಡ ವಿದ್ವಾಂಸರ ಮುಂದೆ ಕೂರುವ ಅರ್ಹತೆಯೇ ನನಗೆ ಬರುತ್ತಿರಲಿಲ್ಲ. ಹೆಸರುವಾಸಿಗಳ ಬಳಿ ಮಕ್ಕಳನ್ನು ನೇರವಾಗಿ ಸರಳೆಗೆ ಸೇರಿಸುವ ಪೋಷಕರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅದೇ ಹಣದಲ್ಲಿ ಆ ಮಗುವಿಗೆ ಒಳ್ಳೆಯ ವೀಣೆಯನ್ನೇ ಕೊಡಿಸಬಹುದು.

ಹಾಗಾದರೆ ಸಿಗುವುದೇನು? ಭೈರವಿ ರಾಗದ 'ವಿರಿಬೋಣಿ' ಅಟತಾಳ ವರ್ಣವನ್ನು ನಾನು ಅದಾಗಲೇ ಎರಡು ಕಾಲದಲ್ಲಿ ನುಡಿಸುತ್ತಿದ್ದೆ. ಖಂಡಜಾತಿ ಅಟತಾಳದ 14 ಅಕ್ಷರಗಳು ಕೈಗೆ ಕೂತಿದ್ದವು, ಸಾಹಿತ್ಯವೂ ಗೊತ್ತಿತ್ತು, ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕಗಳೂ ಬಂದಿದ್ದವು. ಹೊಸ ಗುರುಗಳು ಅದನ್ನೇ ನುಡಿಸಲು ಹೇಳಿ, ಪಲ್ಲವಿಯ ನಂತರ ನಿಲ್ಲಿಸಿದರು. ಭೈರವಿಯಲ್ಲಿ ಏರುವಾಗ ಚತುಶ್ರುತಿ ಧೈವತ ('ದ' ಸ್ವರದ ಎತ್ತರದ ರೂಪ), ಇಳಿಯುವಾಗ ಶುದ್ಧ ಧೈವತ (ಅದರ ತಗ್ಗಿನ ರೂಪ) ಎಂಬುದು ಪುಸ್ತಕದಲ್ಲಿಯೇ ಇದೆ. ವೀಣೆಯಲ್ಲಿ ಅವು ಅಕ್ಕಪಕ್ಕದ ಎರಡು ಮೆಟ್ಟಿಲುಗಳು (ತಂತಿಯನ್ನು ಒತ್ತುವ ಲೋಹದ ಪಟ್ಟಿಗಳು). ಇಳಿಯುವಾಗ ನಿಷಾದವನ್ನು ('ನಿ' ಸ್ವರವನ್ನು) ಅದರ ಮೆಟ್ಟಿಲಿನಲ್ಲಿ ಒಂದು ಮೀಟಿಗೆ, ಧೈವತವನ್ನು ಅದರ ಮೆಟ್ಟಿಲಿನಲ್ಲಿ ಇನ್ನೊಂದು ಮೀಟಿಗೆ ನುಡಿಸುವುದು ನಾನು ಕಲಿತಿದ್ದ ಕ್ರಮ, ಮತ್ತು ಆರಂಭದ ಹಂತಕ್ಕೆ ಅದು ಸರಿಯಾದ ಕ್ರಮವೇ. "ಮೊದಲು ಬಾಯಲ್ಲಿ ಹಾಡಮ್ಮಾ, ಕೈ ಆಮೇಲೆ" ಎಂದರು ಗುರುಗಳು. ಹಾಡಿದೆ. ಹಾಡುವಾಗ ನಿಷಾದದಿಂದ ಧೈವತಕ್ಕೆ ನನ್ನ ಕಂಠ ಜಾರಿತ್ತು, ಜಿಗಿದಿರಲಿಲ್ಲ. "ನಿಮ್ಮ ಗಂಟಲಿಗೆ ಗೊತ್ತಿರೋದು ಬೆರಳಿಗೆ ಯಾಕೆ ಗೊತ್ತಿಲ್ಲ?" ಎಂದು ಕೇಳಿ, ತಮ್ಮ ವೀಣೆಯಲ್ಲಿ ಶುದ್ಧ ಧೈವತದ ಮೆಟ್ಟಿಲಿನ ಮೇಲೆಯೇ ಬೆರಳಿಟ್ಟು, ತಂತಿಯನ್ನು ಪಕ್ಕಕ್ಕೆ ನಿಷಾದದವರೆಗೂ ಎಳೆದು, ಒಂದೇ ಮೀಟಿನ ನಾದ ಇನ್ನೂ ಉಳಿದಿರುವಾಗಲೇ ಎಳೆತವನ್ನು ಸಡಿಲಿಸಿ ಧೈವತಕ್ಕೆ ಇಳಿದರು. ಆ ದಿನದ ಉಳಿದ ಸಮಯವೆಲ್ಲ ಅದೊಂದೇ ಸಂಚಾರಕ್ಕೆ (ಸ್ವರಗಳ ನಡೆಗೆ) ಹೋಯಿತು. ಎಳೆತ ಕೂದಲೆಳೆಯಷ್ಟು ಕಡಿಮೆಯಾದರೆ ನಿಷಾದ ಶ್ರುತಿ ತಪ್ಪುತ್ತದೆ, ಹೆಚ್ಚಾದರೆ ಬೇರೆ ರಾಗದ ನೆರಳು ಬರುತ್ತದೆ, ಸಡಿಲಿಸುವುದು ತಡವಾದರೆ ಧೈವತಕ್ಕೆ ಬರುವಷ್ಟರಲ್ಲಿ ನಾದವೇ ಇರುವುದಿಲ್ಲ.

ಈ ಎಳೆತವನ್ನು ಯೂಟ್ಯೂಬ್‌ನಲ್ಲಿ ನೋಡಿ ಕಲಿಯಬಹುದಲ್ಲವೇ ಎಂದು ಕೇಳುವವರಿದ್ದಾರೆ. ಬೆರಳು ಎಲ್ಲಿದೆ ಎಂಬುದು ವೀಡಿಯೊದಲ್ಲಿ ಕಾಣುತ್ತದೆ, ನಿಜ. ಆದರೆ ನನ್ನ ಬೆರಳು ಎಲ್ಲಿ ಸೋಲುತ್ತಿದೆ ಎಂದು ವೀಡಿಯೊ ಹೇಳಲಾರದು. ದಶಕಗಳಿಂದ ಅದೇ ವಾದ್ಯದೊಂದಿಗೆ ಬದುಕಿದವರ ಕಿವಿ ಮಾತ್ರ ಅದನ್ನು ಅದೇ ಕ್ಷಣದಲ್ಲಿ ಹಿಡಿಯುತ್ತದೆ, ಮತ್ತು ಕಾರಣವನ್ನೂ ಹೇಳುತ್ತದೆ: ಸ್ವರಜ್ಞಾನದ ಕೊರತೆಯೇ, ಮಣಿಕಟ್ಟಿನ ಬಿಗಿತವೇ, ಅಥವಾ ಮೀಟು ತೀರಾ ಮೆತ್ತಗಾಗಿ ಗಮಕಕ್ಕೆ (ಸ್ವರವನ್ನು ಹೀಗೆ ಎಳೆದು ಜಾರಿಸುವುದಕ್ಕೆ) ಸಾಕಾಗುವಷ್ಟು ನಾದವೇ ಹುಟ್ಟುತ್ತಿಲ್ಲವೇ ಎಂದು. ನನ್ನ ವಿಷಯದಲ್ಲಿ ಕೊನೆಯದೇ ಕಾರಣವಾಗಿತ್ತು. ಎಡಗೈಯ ತೊಂದರೆಗೆ ಬಲಗೈಯಲ್ಲಿ ಮದ್ದಿದೆ ಎಂಬುದು ನನಗೆ ಹೊಳೆಯುವ ಮಾತೇ ಆಗಿರಲಿಲ್ಲ. ನಾನು 2,000 ರೂಪಾಯಿ ಕೊಡುತ್ತಿರುವುದು ಈ ರೋಗನಿರ್ಣಯಕ್ಕೆ.

ಎರಡನೆಯ ಲಾಭ ಬಾನಿಯದು, ಅಂದರೆ ನುಡಿಸುವ ಶೈಲಿಯದು. ಮೈಸೂರು ಬಾನಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ವೀಣೆ ಶೇಷಣ್ಣನವರು (1852–1926), ವೆಂಕಟಗಿರಿಯಪ್ಪನವರು, ಅವರ ಶಿಷ್ಯರಾದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಎಂದು ಆ ಪರಂಪರೆಯ ಹೆಸರುಗಳನ್ನೂ ಹೇಳುತ್ತೇವೆ. ಆದರೆ ಆ ಬಾನಿಯ ಗುರುತು ಎಲ್ಲಿದೆ ಎಂದು ಕೇಳಿದರೆ, ಬರೀ ಕೇಳುವವಳಾಗಿದ್ದಾಗ ನನಗೆ 'ಮಾಧುರ್ಯ' ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಇರಲಿಲ್ಲ. ಮೀಟುಗಳು ಬಿಡಿಬಿಡಿಯಾಗಿ, ಸ್ಫುಟವಾಗಿ ಬೀಳುವುದು, ಎಲ್ಲ ಕಡೆಯೂ ತಂತಿಯನ್ನು ಎಳೆಯದೆ ಎಲ್ಲಿ ಬೇಕೋ ಅಲ್ಲಿ ಮಾತ್ರ ಗಮಕವನ್ನು ಇಡುವುದು, ತಾನ (ತಾಳವಿಲ್ಲದೆ, ಲಯದ ನಡಿಗೆಯಲ್ಲಿ ರಾಗವನ್ನು ಬೆಳೆಸುವುದು) ನುಡಿಸುವಾಗ ಪಕ್ಕದ ತಾಳದ ತಂತಿಗಳನ್ನು ಮಾತಿನ ನಡುವಿನ ಉಸಿರಿನಂತೆ ಬಳಸುವುದು, ಇವನ್ನೆಲ್ಲ ಗುರುಗಳು ಹೇಳುವುದಕ್ಕಿಂತ ಹೆಚ್ಚಾಗಿ ನುಡಿಸಿ ತೋರಿಸಿದರು. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಘನರಾಗಗಳ ತಾನವನ್ನು ಮೂರಡಿ ದೂರದಲ್ಲಿ, ಮೈಕ್ ಇಲ್ಲದೆ, ವೀಣೆಯ ಕೊಡದಿಂದ ನೇರವಾಗಿ ಹೊರಡುವ ನಾದದಲ್ಲಿ ಕೇಳುವುದಕ್ಕೆ ಬೆಲೆ ಕಟ್ಟಲು ನನಗೆ ಸಾಧ್ಯವಿಲ್ಲ. ಅದರ ನಂತರ ಕೆ.ಆರ್. ರಸ್ತೆಯ ಗಾಯನ ಸಮಾಜದಲ್ಲಿ ಕೂತು ವೀಣೆ ಕಚೇರಿ ಕೇಳುವ ನನ್ನ ರೀತಿಯೇ ಬದಲಾಗಿದೆ; ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳನ್ನು ಹಾಕಿಕೊಂಡರೆ ಒಂದೊಂದು ಸಂಚಾರದಲ್ಲಿ ಯಾವ ಬೆರಳು ಎಲ್ಲಿ ಇದ್ದಿರಬಹುದೆಂದು ಮನಸ್ಸು ತಾನಾಗಿ ಹುಡುಕುತ್ತದೆ.

ವಾದ್ಯದ ಆರೈಕೆಯ ತಿಳಿವಳಿಕೆಯೂ ಈ ಪಾಠಗಳ ಜೊತೆಯಲ್ಲೇ ಬಂತು. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ವರ್ಷಗಳು ಕಳೆದಂತೆ ಮೇಣ ಸಡಿಲವಾಗಿ ಸ್ವರಸ್ಥಾನಗಳು ಸರಿಯುತ್ತವೆ. ಮೇಳ ಕಟ್ಟಿಸುವ (ಹೊಸ ಮೇಣದ ಮೇಲೆ ಮೆಟ್ಟಿಲುಗಳನ್ನು ಮತ್ತೆ ಕೂರಿಸುವ) ಕಾಲ ಬಂದಿದೆ ಎಂದು ಗುರುಗಳು ನನ್ನ ವೀಣೆಯ ಎರಡು ಸ್ವರ ಕೇಳಿಯೇ ಹೇಳಿದರು. ಮೇಳ ಕಟ್ಟಿಸಿದ ಮೇಲೆ ನನ್ನ ಕೈಯ ದೋಷವೆಂದು ಭಾವಿಸಿದ್ದ ಕೆಲವು ಅಪಶ್ರುತಿಗಳು ವಾದ್ಯದ್ದೆಂದು ತಿಳಿಯಿತು.

ಇನ್ನು ತೊಂದರೆಗಳು. ಕಚೇರಿ ಮಾಡುವ ಕಲಾವಿದರ ವೇಳಾಪಟ್ಟಿಗೆ ಶಿಷ್ಯರು ಹೊಂದಿಕೊಳ್ಳಬೇಕೇ ಹೊರತು ಅದು ನಮಗೆ ಹೊಂದಿಕೊಳ್ಳುವುದಿಲ್ಲ. ರಾಮನವಮಿಯ ಹೊತ್ತಿಗೆ ನಗರದ ತುಂಬ ಸಂಗೀತೋತ್ಸವಗಳು, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮಸೇವಾ ಮಂಡಳಿಯಿಂದ ಹಿಡಿದು ಬಡಾವಣೆಯ ದೇವಸ್ಥಾನಗಳವರೆಗೆ. ಡಿಸೆಂಬರ್ ಬಂದರೆ ಚೆನ್ನೈಯ ಸಂಗೀತ ಸೀಸನ್. ನಡುವೆ ವಿದೇಶ ಪ್ರವಾಸ. ಈ ತಿಂಗಳುಗಳಲ್ಲಿ ಪಾಠ ಮುಂದಕ್ಕೆ ಹೋಗುವುದು ಸಹಜ. ನನ್ನ ಗುರುಗಳು ತಪ್ಪಿದ ಪಾಠಕ್ಕೆ ಹಣ ತೆಗೆದುಕೊಳ್ಳುವುದಿಲ್ಲ, ಅದು ಅವರ ದೊಡ್ಡತನ. ತಿಂಗಳ ಲೆಕ್ಕದಲ್ಲಿ ಮುಂಗಡ ಪಡೆಯುವವರೂ ಇದ್ದಾರೆ. ಅಂಥ ಕಡೆ ಸೇರುವ ಮೊದಲು ತಪ್ಪಿದ ಪಾಠಗಳ ಗತಿಯೇನೆಂದು ವಿನಯದಿಂದಲೇ, ಆದರೆ ಸ್ಪಷ್ಟವಾಗಿ ಕೇಳಿಕೊಳ್ಳಬೇಕು.

ಪ್ರವಾಸದಲ್ಲಿರುವಾಗ ಝೂಮ್‌ನಲ್ಲಿ ಪಾಠ ಹೇಳುವ ವ್ಯವಸ್ಥೆ ಇದೆ. ಒಂದು ಹೊಸ ಕೃತಿಯ ಸಾಹಿತ್ಯ, ಸ್ವರ, ಕಾಲಪ್ರಮಾಣ ತಿಳಿದುಕೊಳ್ಳಲು ಅದು ಸಾಕು. ಗಮಕಕ್ಕೆ ಸಾಲದು. ವೀಣೆಯ ನಾದ ನಿಧಾನವಾಗಿ ಕ್ಷೀಣಿಸುವ ಭಾಗವನ್ನೇ ಝೂಮ್ ಗದ್ದಲವೆಂದು ಭಾವಿಸಿ ಕತ್ತರಿಸುತ್ತದೆ, ನಾವು ಹಣ ಕೊಟ್ಟು ಕಲಿಯುತ್ತಿರುವುದಾದರೋ ಅದೇ ಭಾಗದಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್' ಆಯ್ಕೆಯನ್ನು ಎರಡೂ ಕಡೆ ಹಾಕಿಕೊಂಡರೆ ಎಷ್ಟೋ ಸುಧಾರಿಸುತ್ತದೆ, ಆದರೂ ಇಬ್ಬರೂ ಒಟ್ಟಿಗೆ ನುಡಿಸುವುದು ಅಸಾಧ್ಯ, ಧ್ವನಿ ತಡವಾಗಿ ತಲುಪುತ್ತದೆ. ಪೂರ್ತಿ ಆನ್‌ಲೈನ್ ಪಾಠಕ್ಕೆ ಇದೇ ಶುಲ್ಕ ಕೊಡುವುದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಓಡಾಟದ ಮಾತು ಹೇಳುವುದಾದರೆ, ಗುರುಗಳ ಮನೆ ಬಸವನಗುಡಿಯಲ್ಲಿದೆ; ವಿಜಯನಗರದಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಆಯಿತು. ಶಿಷ್ಯರಿಗೆಂದು ಅಲ್ಲಿಯೇ ಒಂದು ವೀಣೆ ಇರುವುದರಿಂದ ಹೊತ್ತು ತಿರುಗುವ ಪ್ರಮೇಯವಿಲ್ಲ. ಸೇರುವ ಮೊದಲು ಇದನ್ನೂ ವಿಚಾರಿಸಬೇಕು.

ಇದಕ್ಕಿಂತ ಗಂಭೀರವಾದ ದೂರು ನನ್ನ ಗೆಳತಿಯ ಮಗಳ ಅನುಭವದಿಂದ ಬಂದದ್ದು. ಅವಳು ಸೇರಿದ್ದು ಇನ್ನೊಬ್ಬ ಪ್ರಸಿದ್ಧ ಕಲಾವಿದರ ಬಳಿ. ಮೊದಲ ಕೆಲವು ಪಾಠಗಳ ನಂತರ ಎದುರಿಗೆ ಕೂರುತ್ತಿದ್ದವರು ಅವರ ಹಿರಿಯ ಶಿಷ್ಯರು. ಗುರುಗಳು ತಿಂಗಳಿಗೊಮ್ಮೆ ಬಂದು ಹತ್ತು ನಿಮಿಷ ಕೇಳಿ ಹೋಗುತ್ತಿದ್ದರು. ಶುಲ್ಕ ಮಾತ್ರ ಗುರುಗಳದ್ದೇ. ಹಿರಿಯ ಶಿಷ್ಯರಿಂದ ಕಲಿಯುವುದು ನಮ್ಮ ಪದ್ಧತಿಗೆ ಹೊಸದೇನಲ್ಲ, ಗುರುಕುಲದಲ್ಲಿ ನಡೆಯುತ್ತಿದ್ದದ್ದೂ ಹಾಗೆಯೇ. ಆದರೆ ಅದನ್ನು ಮೊದಲೇ ಹೇಳಬೇಕು, ಶುಲ್ಕವೂ ಅದಕ್ಕೆ ತಕ್ಕಂತಿರಬೇಕು. ಇನ್ನು ಕೆಲವರು ಅದ್ಭುತವಾಗಿ ನುಡಿಸುತ್ತಾರೆ, ಆದರೆ ವಿದ್ಯಾರ್ಥಿ ತಪ್ಪಿದಾಗ ತಾವು ಇನ್ನೊಮ್ಮೆ ನುಡಿಸುವುದೊಂದೇ ಅವರಿಗೆ ಗೊತ್ತಿರುವ ದಾರಿ. ಕೈಗೆ ತಾನಾಗಿ ಬಂದದ್ದನ್ನು ಬಿಡಿಸಿ ಹೇಳುವುದು ಪ್ರತ್ಯೇಕವಾದ ವಿದ್ಯೆ, ಮತ್ತು ಕಚೇರಿಯ ಕೀರ್ತಿಯಿಂದ ಅದನ್ನು ಅಳೆಯಲಾಗದು. ಅದನ್ನು ತಿಳಿಯಲು ಇರುವ ಉಪಾಯವೆಂದರೆ ಅವರ ಶಿಷ್ಯರ ಕಚೇರಿಗಳಿಗೆ ಹೋಗುವುದು. ಶಿಷ್ಯರೆಲ್ಲರೂ ಗುರುವಿನ ಪಡಿಯಚ್ಚಿನಂತೆ ನುಡಿಸುತ್ತಿದ್ದಾರೆಯೇ, ಅಥವಾ ಬಾನಿ ಒಂದೇ ಆದರೂ ಅವರವರ ಮನೋಧರ್ಮ (ಸ್ವಂತ ಕಲ್ಪನೆ) ಕೇಳಿಸುತ್ತಿದೆಯೇ ಎಂದು ಗಮನಿಸಿದರೆ ಸಾಕಷ್ಟು ಗೊತ್ತಾಗುತ್ತದೆ.

ಹಣದ ಲೆಕ್ಕಕ್ಕೆ ಬರುತ್ತೇನೆ. ಆರಂಭದಲ್ಲಿ ವಾರಕ್ಕೊಂದು ಪಾಠವಿತ್ತು, ತಿಂಗಳಿಗೆ 8,000 ರೂಪಾಯಿ. ಒಂದು ಪಾಠದಲ್ಲಿ ಹೇಳಿದ್ದು ಕೈಗೆ ಇಳಿಯಲು ವಾರ ಸಾಲದೆಂದು ಗುರುಗಳೇ ಹೇಳಿ, ಎರಡು ವಾರಕ್ಕೊಮ್ಮೆ ಬರಲು ಸೂಚಿಸಿದರು. ತಮ್ಮ ಆದಾಯವನ್ನು ಅರ್ಧಕ್ಕಿಳಿಸುವ ಸಲಹೆಯನ್ನು ತಾವಾಗಿ ಕೊಟ್ಟ ಅವರ ಬಗ್ಗೆ ನನಗಿರುವ ಗೌರವ ಮಾತಿಗೆ ಮೀರಿದ್ದು. ಈಗ ಇಲ್ಲಿ 4,000, ಬಡಾವಣೆಯ ಶಿಕ್ಷಕಿಗೆ 2,000, ಒಟ್ಟು ತಿಂಗಳಿಗೆ 6,000 ರೂಪಾಯಿ. ನಡುವಿನ ದಿನಗಳಲ್ಲಿ ಶಿಕ್ಷಕಿ ನನ್ನ ಸಾಧನೆಯನ್ನು ಕೇಳಿ ತಿದ್ದುತ್ತಾರೆ. ಇಬ್ಬರಿಗೂ ವಿಷಯ ತಿಳಿದಿದೆ. ಶಿಕ್ಷಕಿಯ ಒಪ್ಪಿಗೆ ಪಡೆದೇ ನಾನು ಬಸವನಗುಡಿಗೆ ಹೋದದ್ದು, ಮತ್ತು ವಿಜಯದಶಮಿಯ ದಿನ ಹಣ್ಣು ತಾಂಬೂಲ ಮೊದಲು ಹೋಗುವುದು ಅವರ ಮನೆಗೆ. ಒಬ್ಬರಿಗೆ ಹೇಳದೆ ಇನ್ನೊಬ್ಬರ ಬಳಿ ಕಲಿಯುವುದು ಈ ಕ್ಷೇತ್ರದಲ್ಲಿ ಬಹಳ ನೋವು ಕೊಡುವ ಸಂಗತಿ, ಪಾಠವೂ ಇಬ್ಬರ ನಡುವೆ ಹರಿದುಹೋಗುತ್ತದೆ.

ದಿನಕ್ಕೆ ಒಂದು ಗಂಟೆಯಾದರೂ ಸಾಧನೆಗೆ ಬಿಡುವಿಲ್ಲದವರು ಈ ಖರ್ಚಿಗೆ ಕೈಹಾಕದಿರುವುದೇ ಒಳ್ಳೆಯದು, ಏಕೆಂದರೆ ಸಾಧನೆಯಿಲ್ಲದೆ ಹೋದ ದಿನ ಆ ಗಂಟೆಯೆಲ್ಲ ಹಿಂದಿನ ಪಾಠವನ್ನು ನೆನಪಿಸಿಕೊಳ್ಳುವುದರಲ್ಲಿಯೇ ಮುಗಿಯುತ್ತದೆ. ಉದ್ಯೋಗದ ಒತ್ತಡವಿರುವ ತಿಂಗಳುಗಳಲ್ಲಿ ನಾನು ಮೊದಲೇ ತಿಳಿಸಿ ಪಾಠ ನಿಲ್ಲಿಸುತ್ತೇನೆ, ಗುರುಗಳು ಅದನ್ನು ಬೇಸರವಿಲ್ಲದೆ ಒಪ್ಪುತ್ತಾರೆ. ಮುಂದಿನ ವರ್ಷದಿಂದ ಶುಲ್ಕ 2,500 ಆಗಲಿದೆ ಎಂದು ತಿಳಿಸಿದ್ದಾರೆ. ನಾನು ಮುಂದುವರಿಸುತ್ತೇನೆ. ಶುಲ್ಕ ಅದಕ್ಕಿಂತ ಹೆಚ್ಚಾಗಿ ಮನೆಯ ಖರ್ಚಿಗೆ ಭಾರವಾದರೆ ತಿಂಗಳಿಗೊಂದು ಪಾಠಕ್ಕೆ ಇಳಿಸಿಕೊಳ್ಳುವುದೆಂದು ಈಗಲೇ ಅವರೊಂದಿಗೆ ಮಾತಾಡಿಕೊಂಡಿದ್ದೇನೆ. ಸದ್ಯ ತೋಡಿ ರಾಗದ ಆಲಾಪನೆ ನಡೆಯುತ್ತಿದ್ದು, ಗಾಂಧಾರ ಸ್ವರವೊಂದರಲ್ಲಿಯೇ ಇನ್ನೂ ಹಲವು ಪಾಠಗಳ ಕೆಲಸ ಬಾಕಿ ಇದೆ.