ಎತ್ತರದ ರೈಡರ್ರೋ, ಗಿಡ್ಡ ರೈಡರ್ರೋ?
ಗಂಗಾವತಿ ಕಡೆಯ ಕಬಡ್ಡಿ ಆಟದಲ್ಲಿ ಕಣ್ಣಿಗೆ ಬಿದ್ದ ಇಬ್ಬರು 17ರ ರೈಡರ್‌ಗಳಲ್ಲಿ (ಎದುರಾಳಿ ಅಂಕಣಕ್ಕೆ ನುಗ್ಗಿ ಪಾಯಿಂಟ್ ತರುವವರು) ಒಬ್ಬನನ್ನೇ ತಂಡಕ್ಕೆ ಆರಿಸಬೇಕು ಅಂದರೆ, ಬರೀ ಪಾಯಿಂಟ್ ಎಣಿಸಬೇಡಿ. ಎತ್ತರದವನಿಗೆ ಪಾಯಿಂಟ್ ಜಾಸ್ತಿ, ಆದರೆ ಬಹುಪಾಲು ಬೋನಸ್, ಅಂದರೆ ಯಾರನ್ನೂ ಮುಟ್ಟದೆ ಬೋನಸ್ ಗೆರೆ ದಾಟಿ ತಂದದ್ದು. ಎದುರು ಕನಿಷ್ಠ 6 ಜನ ಇದ್ದರೆ ಮಾತ್ರ ಬೋನಸ್, ಅಲ್ವಾ? 5ಕ್ಕೆ ಇಳಿದ ಕೂಡಲೇ ಅವನು ಸುಮ್ನೆ ಹೋಗಿ ಬರುತ್ತಾನೆ.

ಗಿಡ್ಡನೆಯವನು ಹಾಗಲ್ಲ. ಎರಡು ರೈಡ್ ಖಾಲಿ ಹೋಗಿ ಮೂರನೆಯದು ಡೂ ಆರ್ ಡೈ (ಪಾಯಿಂಟ್ ತರದಿದ್ದರೆ ಔಟ್) ಆದಾಗ ಅವನನ್ನೇ ಕಳಿಸುತ್ತಾರೆ, ಇರುವ 30 ಸೆಕೆಂಡಿನಲ್ಲಿ ಅವಸರವೇ ಇಲ್ಲದೆ ಎದುರಾಳಿಯ ಕಾರ್ನರ್ (ಅಂಚಿನಲ್ಲಿ ನಿಲ್ಲುವ) ಆಟಗಾರನ ಕಾಲನ್ನೇ ನೋಡುತ್ತಾ ಕಾದು, ಅವನು ಮುಂದೆ ಬಾಗಿದ ಕ್ಷಣ ಕೈ ತಾಗಿಸಿ ಓಡಿ ಬರುತ್ತಾನೆ. ಕಾಲು ಹಿಡಿದರೆ ಬಿಡಿಸಿಕೊಳ್ಳುವ ಬಲ ಇನ್ನೂ ಇಲ್ಲ, ನಿಜ. ಬಲ ಬೆಳೆಸಬಹುದು. ಮಣ್ಣಲ್ಲಿ ಆಡಿದವರು ಇವರು, ಮ್ಯಾಟ್ ಮೇಲೂ ಒಮ್ಮೆ ಆಡಿಸಿ ನೋಡಿ. ನಾನಾದರೆ ಗಿಡ್ಡನೆಯವನನ್ನೇ ಕರೆದುಕೊಳ್ಳುತ್ತೇನೆ.