ಶಹಾಪುರವೋ ಚಿಂಚೋಳಿಯೋ? ಎರಡೂ ಕಡೆ ಸೈಕಲ್ ತುಳಿದು ಬಂದೆ

ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಅಕ್ಟೋಬರ್ ಕೊನೆಗೆ, ಚಿಂಚೋಳಿಗೆ ಎಳ್ಳ ಅಮಾವಾಸ್ಯೆ ಹಬ್ಬಕ್ಕೆ. ನಾನು ಮತ್ತು ನನ್ನ ಅಕ್ಕನ ಮಗ, ಇಬ್ಬರೇ. ಕಲಬುರಗಿಯಿಂದ ಸೈಕಲ್‌ಗಳನ್ನು ಗೂಡ್ಸ್ ಗಾಡಿಗೆ ಹಾಕಿಕೊಂಡು ಹೋಗಿ, ಅಲ್ಲಿಂದ ತುಳಿಯೋದು, ಒಂದು ಗುಡ್ಡ ಹತ್ತೋದು, ರಾತ್ರಿ ಹಳ್ಳಿ ಮನೆಯಲ್ಲಿ ಉಂಡು ಮಲಗೋದು. ಎರಡೂ ಕಡೆ ಇದೇ ಲೆಕ್ಕ.

ಶಹಾಪುರಕ್ಕೆ ಎಲ್ಲರೂ ಹೋಗೋದು ಮಲಗಿದ ಬುದ್ಧನನ್ನು ನೋಡೋಕೆ. ಮೂರ್ತಿಯಲ್ಲ, ಗುಡ್ಡಗಳೇ ಹಾಗೆ ಕಾಣೋದು. ಬುದ್ಧ ಇರೋದು ಒಂದು ಗುಡ್ಡದಲ್ಲಲ್ಲ, ಸಾಲು ಗುಡ್ಡಗಳ ಅಂಚಿನಲ್ಲಿ. ಹಣೆ, ಮೂಗು, ಎದೆ ಎಲ್ಲಾ ದೂರದಿಂದ ಕೂಡಿಸಿಕೊಂಡು ನೋಡಬೇಕು. ಹತ್ತಿದರೆ ಸುಮ್ನೆ ಕಲ್ಲು ಬಂಡೆ. ಇದು ನಮಗೆ ಹತ್ತಿದ ಮೇಲೇ ಹೊಳೆದದ್ದು! ಅದಕ್ಕೇ ಈ ಊರು ನಡೆಯುವವರಿಗಿಂತ ಸೈಕಲ್ಲಿನವರಿಗೆ ಸರಿ. ರಸ್ತೆ ತಿರುಗಿದಂತೆ ಮೂಗು ಚಪ್ಪಟೆ ಆಗುತ್ತದೆ, ಎದೆ ಉಬ್ಬುತ್ತದೆ, ಇನ್ನೂ ಸ್ವಲ್ಪ ಮುಂದೆ ಹೋದರೆ ಬುದ್ಧನೇ ಇಲ್ಲ. ನಾರಾಯಣಪುರದ ಬಸವಸಾಗರದಿಂದ ಬರುವ ಕಾಲುವೆ ನೀರಿಗೆ ಸುತ್ತ ಭತ್ತ ಬೆಳೆದು ನಿಂತಿತ್ತು, ರಸ್ತೆ ಸಮತಟ್ಟು, ಏರು ಕಮ್ಮಿ, ಅಳಿಯ ಹಾಡು ಹಾಕಿಕೊಂಡು ಆರಾಮಾಗಿ ತುಳಿಯುತ್ತಿದ್ದ.

ಆಮೇಲೆ ಮೊಬೈಲ್ ತೋರಿಸಿದ ಅಡ್ಡದಾರಿ ಹಿಡಿದೆವು. ಹಿಂದಿನ ರಾತ್ರಿ ಮಳೆ ಆಗಿತ್ತು. ಎರೆ ಮಣ್ಣು ಅಂದರೆ ಗೊತ್ತಲ್ವಾ, ಐವತ್ತು ಹೆಜ್ಜೆಗೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ ಜಾಮ್. ಕಡ್ಡಿಯಿಂದ ಕೆರೆದು ತೆಗೆಯೋದು, ಹತ್ತು ಹೆಜ್ಜೆ ನೂಕೋದು, ಮತ್ತೆ ಕೆರೆಯೋದು, ಕೊನೆಗೆ ಹೆಗಲ ಮೇಲೇ ಹೊತ್ತುಕೊಂಡೆವು. ಹತ್ತಿ ಹೊಲದಲ್ಲಿದ್ದ ಕಾಕಾ ನೋಡಿ ನಕ್ಕರು: "ಮಳಿ ಆದ ಮ್ಯಾಲ ನಾವು ಎತ್ತು ಸೈತ ಇಳಸಂಗಿಲ್ಲ, ನೀವು ಸೈಕಲ್ ತಂದೀರಲ್ರೀ!"

ಚಿಂಚೋಳಿ ಕಡೆ ಈ ಗೋಳಿಲ್ಲ. ಕೆಂಪು ಮುರಂ ಮಣ್ಣು, ಗಾಲಿಗೆ ಹತ್ತೋದಿಲ್ಲ. ಆದರೆ ಏರು ಇದೆ, ಜಾಲಿ ಮುಳ್ಳೂ ಇದೆ. ಒಂದೇ ದಿನ ಮೂರು ಪಂಕ್ಚರ್. ತೇಪೆ ಹಚ್ಚೋಕೆ ಬರದಿದ್ದರೆ ಸೈಕಲ್ ಮನೆಯಲ್ಲೇ ಬಿಡಿ. ಇಲ್ಲಿ ನಡೆಯೋದೇ ಚೆಂದ. 2011ರಲ್ಲಿ ವನ್ಯಜೀವಿ ಧಾಮ ಆದ ಕಾಡು ಇದು. ತೋಳ, ಕತ್ತೆಕಿರುಬ ಇವೆ ಅಂತಾರೆ, ನಮಗೆ ಕಂಡದ್ದು ನವಿಲು ಮಾತ್ರ. ಅರಣ್ಯ ಇಲಾಖೆಯವರನ್ನು ಕೇಳಿಯೇ ಒಳಗೆ ಹೋಗಿ. ಚಂದ್ರಂಪಳ್ಳಿ ಜಲಾಶಯದ ಪಕ್ಕದ ಗುಡ್ಡದಿಂದ ಕೆಳಗೆ ನೋಡಿದರೆ ನೀರು, ಸುತ್ತ ಕಾಡು. "ಮಾಮಾ, ಇದು ನಮ್ಮ ಕಲಬುರಗಿ ಜಿಲ್ಲೆನೇ ಹೌದಾ?" ಅಂತ ಅಳಿಯ ಎರಡು ಸಲ ಕೇಳಿದ.

ಇನ್ನು ಮನೆಗಳು. ಶಹಾಪುರದ ಹತ್ತಿರದ ಮನೆಯಲ್ಲಿ ತಲೆಗೆ 700 ರೂಪಾಯಿ, ಬೇರೆ ಕೋಣೆ, ಹೊಸ ಶೌಚಾಲಯ, ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ. ಊಟಕ್ಕೆ ಹೆಸರಿಡೋ ಹಾಗಿಲ್ಲ. ಆದರೆ ಭತ್ತದ ಗದ್ದೆ ಪಕ್ಕ ಅಂದಮೇಲೆ ಸೊಳ್ಳೆ! ಪರದೆ ಕೇಳಿದರೆ ಫ್ಯಾನ್ ಜೋರು ಮಾಡಿದರು, ಕರೆಂಟ್ ಹೋಯಿತು.

ಚಿಂಚೋಳಿ ಮನೆಯಲ್ಲಿ ಕೋಣೆ ಅಂತ ಏನೂ ಇಲ್ಲ, ಪಡಸಾಲೆಯಲ್ಲಿ ಎರಡು ಕೌದಿ. ಶೌಚಾಲಯ ಅಂಗಳ ದಾಟಿ, ಆ ಚಳಿಯಲ್ಲಿ. ದುಡ್ಡು 500. ಹಬ್ಬದ ಬೆಳಿಗ್ಗೆ ಮನೆಯವರು ಬಂಡಿ ಕಟ್ಟಿ ನಮ್ಮನ್ನೂ ಹೊಲಕ್ಕೆ ಕರೆದುಕೊಂಡು ಹೋದರು. ಚರಗ, ಅಂದರೆ ಭೂಮಿತಾಯಿಯ ಎಡೆ, ಹೊಲದ ತುಂಬ ಚೆಲ್ಲಿದ ಮೇಲೆ ಹಸಿ ತೊಗರಿ ಕಾಳು, ಹತ್ತಾರು ಸೊಪ್ಪು ಹಾಕಿ ಮಾಡಿದ ಭಜ್ಜಿ, ಸಜ್ಜೆ ಕಡಬು, ರೊಟ್ಟಿ. ಆಯಿ ಮೂರನೇ ಸಲ ಬಡಿಸುವಾಗ ಕೈ ಅಡ್ಡ ಹಿಡಿದೆ. "ಸೈಕಲ್ ತುಳಿಯಾಕ ಬಲ ಬ್ಯಾಡೇನ್ ತಮ್ಮಾ?" ಅಂತ ಕೈಯನ್ನೇ ಸರಿಸಿದರು. ಹಬ್ಬದ ದಿನ ಹೋಗಿ ಹೀಗೆ ಹೋಲಿಸೋದು ಮೋಸ, ಒಪ್ಪುತ್ತೇನೆ. ಆದರೂ ನನ್ನ ಓಟು ಚಿಂಚೋಳಿಗೆ. ಅಳಿಯನ ಓಟು ಶಹಾಪುರಕ್ಕೆ, ಅವನಿಗೆ ಏರು ಆಗೋದಿಲ್ಲ.

ಎಲ್ಲಿಗೆ ಹೋದರೂ ಫೆಬ್ರುವರಿ ಒಳಗೆ ಹೋಗಿ. ಆಮೇಲೆ ಶಹಾಪುರದ ಬಂಡೆ ಸಂಜೆ ಏಳಕ್ಕೂ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ.